ಒಳಚಿಲಕ

ಹೊಳೆ ಮೇಲೆ ಬಂದದ್ದು ಮಂಗಳವಾರ ರಾತ್ರಿ.
ಹರಿಹರದ ಕೆಳಗೇರಿಯ ಮೂರು ಓಣಿ
ಪಾತ್ರೆ, ಪಡಿಚೀಟಿ, ಹೊಲಿಗೆ ಮಿಷನ್ನು, ಒಂದು ಹೋತ ಸಮೇತ
ಹೈಸ್ಕೂಲಿನ ಎಂಟು ಕೋಣೆಗೆ ಏರಿತು.
ಲೆಕ್ಕ ನಾನೇ ಬರೆದೆ: ಮುನ್ನೂರ ಹನ್ನೆರಡು ತಲೆ.

ನಾನು ನೀರುಗಂಟಿ. ಇಪ್ಪತ್ತಾರು ವರ್ಷ
ವಾಲ್ವು ತಿರುವಿ ಅಂಗೈ ಗಂಟುಗಟ್ಟಿದೆ.
ಯಾವ ಬೀದಿಗೆ ಎಷ್ಟು ಹೊತ್ತಿಗೆ ಬಾಯಾರುತ್ತದೆ
ಗೊತ್ತು ನನಗೆ.
ಆ ಬೆಳಿಗ್ಗೆ ಮಾತ್ರ
ಊರೆಲ್ಲ ನೀರು, ನಲ್ಲಿಯೊಳಗೆ ಬರೀ ಗಾಳಿ.
ಜಾಕ್‌ವೆಲ್ಲಿನ ಮೋಟರು ಹೊಳೆಯ ಹೊಟ್ಟೆಯಲ್ಲಿ.

ದಾವಣಗೆರೆಯಿಂದ ಟ್ಯಾಂಕರು ಬಂತು.
ಬ್ಲೀಚಿಂಗ್ ಪುಡಿಯನ್ನು ಬಕೀಟಿನಲ್ಲಿ ಕಲಸಿದೆ,
ಮೊದಲು ಹಿಟ್ಟಿನ ಹದಕ್ಕೆ, ಆಮೇಲೆ ನೀರುನೀರಾಗಿ;
ಸುಣ್ಣ ತಳಕ್ಕೆ ಕೂತ ಮೇಲೆ
ತಿಳಿಯಷ್ಟನ್ನೇ ಬಗ್ಗಿಸಿದೆ ಸಿಂಟೆಕ್ಸಿಗೆ.
ಅರ್ಧ ಗಂಟೆ ಕಾಯಬೇಕು.
ಬರಿಗೊಡ ಹಿಡಿದವರಿಗೆ ಆ ಅರ್ಧ ಗಂಟೆ
ಎಷ್ಟು ಉದ್ದವೆಂದು ಯಾವ ಇಂಜಿನಿಯರೂ ಅಳೆದಿಲ್ಲ.
ಬೈಗಳು ಬಂದವು; ಸತ್ತ ನನ್ನವ್ವನನ್ನೂ ಬಿಡಲಿಲ್ಲ.
ಗಾಜಿನ ಕೊಳವೆಗೆ ನೀರು, ಮೇಲೆ ಔಷಧದ ಹನಿ,
ಬೆಳಕಿಗೆ ಹಿಡಿದೆ:
ಎಳೆಯ ಕುಸುಬೆ ಹೂವಿನ ಹಳದಿ.
“ಬರ್ರಿ” ಅಂದೆ. ದನಿಯಲ್ಲಿ ಒಂಚೂರು ಜಂಬ ಇತ್ತು.

ಮಂಡಕ್ಕಿ ಭಟ್ಟಿಯವರು ಹನ್ನೆರಡು ಮೂಟೆ ಕಳಿಸಿದ್ದರು.
ಒಣ ಮಂಡಕ್ಕಿ, ಹುರಿಗಡಲೆ, ಖಾರ.
ತಿಂದವರೆಲ್ಲ ನೀರು ಕೇಳಿದರು.
ಫರ್ಹಾನಾ ಕೇಳಲಿಲ್ಲ.
ಹಾಲಮ್ಮ, ಏಳು ತಿಂಗಳ ಬಸುರಿ, ಕೇಳಲಿಲ್ಲ.
ಏಳನೇ ಕೋಣೆಯ ಹೆಣ್ಣುಮಕ್ಕಳು ಯಾರೂ.
ಲೋಟ ತುಂಬಿ ನಾನೇ ಒಯ್ದೆ.
ತುಟಿ ಒದ್ದೆ ಮಾಡಿಕೊಂಡು ಕೆಳಗಿಟ್ಟರು,
ತೀರ್ಥ ತಗೊಂಡ ಹಾಗೆ.

“ವಾಸನಿ ಐತೇನವ್ವಾ?”
ಇಲ್ಲವೆಂದು ತಲೆಯಾಡಿಸಿದರು.
“ನಾನೇ ನೋಡೀನಿ, ಚೊಕ್ಕ ಐತಿ.”
ಹಾಲಮ್ಮ ಗೋಡೆ ಕಡೆ ತಿರುಗಿದಳು.
ಕಡೆಗೆ ಒಬ್ಬ ಮುದುಕಿ, ಎಲೆಅಡಿಕೆ ಒಂದು ದವಡೆಗೆ ಸರಿಸಿ:
“ಕುಡೀರಿ ಕುಡೀರಿ ಅಂತೀಯಲ್ಲಪ್ಪಾ,
ಬಿಡೋದೆಲ್ಲಿ ಅಂತ ಹೇಳು.”

ಹೋಗಿ ನೋಡಿದೆ.
ಎರಡು ಕಕ್ಕಸು, ಮುನ್ನೂರ ಹನ್ನೆರಡಕ್ಕೆ.
ಒಂದರ ಗುಂಡಿ ತುಂಬಿ ಮಿಕ್ಕಿತ್ತು.
ಇನ್ನೊಂದಕ್ಕೆ ಬಾಗಿಲ ಜಾಗದಲ್ಲಿ ಯಾವುದೋ ಪಕ್ಷದ ಬ್ಯಾನರು,
ಕೈಮುಗಿದ ನಗು, ಗಾಳಿಗೆ ಪಟಪಟ.
ಎದುರಿಗೇ ಗಂಡಸರ ಇಸ್ಪೀಟು.
ಕತ್ತಲಾಗಲೆಂದು ಕಾದು, ಕತ್ತಲಾದ ಮೇಲೆ
ಕತ್ತಲಿಗೇ ಹೆದರಿ ಬೆಳಗಾಗಲೆಂದು ಕಾಯುವವರು
ನೀರು ಹೇಗೆ ಕುಡಿದಾರು.

ಇಪ್ಪತ್ತಾರು ವರ್ಷ ನೀರು ಬಿಟ್ಟವನು ನಾನು.
ನನ್ನ ನಕ್ಷೆ
ನಲ್ಲಿಯ ಬಾಯಿಗೆ ಬಂದು ಮುಗಿಯುತ್ತಿತ್ತು.

ಮೂರನೇ ಕೋಣೆಯಲ್ಲಿ ಬಡಗಿ ಉಚ್ಚಂಗೆಪ್ಪ,
ಅಂಗಡಿ ಹೊಳೆಗೆ ಕೊಟ್ಟು, ಉಳಿ ಮಾತ್ರ ಉಳಿಸಿಕೊಂಡವನು.
ಇಬ್ಬರೂ ಸೇರಿ ಸ್ಟಾಫ್‌ರೂಮಿನ ಬಾಗಿಲು ಕಳಚಿದೆವು.
ಹೆಡ್‌ಮಾಸ್ತರು “ಬರೆದುಕೊಡಿ” ಅಂದರು. ಬರೆದುಕೊಟ್ಟೆ.
ಬೋರ್‌ವೆಲ್ಲಿನಿಂದ ನಲವತ್ತು ಹೆಜ್ಜೆ ಅಳೆದು, ಇಳಿಜಾರಿನ ಕಡೆ
ಇಸ್ಪೀಟಿನವರ ಕೈಗೆ ಗುದ್ದಲಿ ಕೊಟ್ಟೆವು.
ಸೋಪಿಗೆ ಕಾಲು ಬರುತ್ತದಲ್ಲ, ಅದಕ್ಕೆ
ಹಳೆಯ ಕಾಲುಚೀಲದಲ್ಲಿ ಹಾಕಿ ಕಟ್ಟಿದೆವು ಡ್ರಮ್ಮಿನ ನಲ್ಲಿಗೆ.

ಬಾಗಿಲು ನಿಂತಿತು. ಫರ್ಹಾನಾ ಬಂದು ನೋಡಿದಳು,
ಮುಟ್ಟಿದಳು. ಎರಡು ದಿನದಲ್ಲಿ ಅವಳ ಮೊದಲ ಮಾತು:
“ಚಿಲಕ ಹೊರಗೈತಿ.”
ಹೌದಲ್ಲ. ಸ್ಟಾಫ್‌ರೂಮಿಗೆ ಬೀಗ ಹೊರಗೇ ತಾನೆ.
ಉಚ್ಚಂಗೆಪ್ಪ ಹಲ್ಲಲ್ಲಿ ಮೊಳೆ ಕಚ್ಚಿಕೊಂಡು
ಮತ್ತೆ ಮಂಡಿಯೂರಿದ.

ರಾತ್ರಿ ಟ್ಯಾಂಕಿನ ಪಕ್ಕ ಮಲಗಿದ್ದೆ.
ಮಳೆ ಬಿಟ್ಟಿತ್ತು. ದೂರದಲ್ಲಿ ಹೊಳೆ ಗೊಣಗುತ್ತಿತ್ತು.
ಟಕ್.
ಸ್ವಲ್ಪ ಹೊತ್ತಿಗೆ ಮತ್ತೆ, ಟಕ್.
ಎಣಿಸುವುದು ತಪ್ಪೆನಿಸಿ
ಮಗ್ಗುಲಾದೆ.

ಬೆಳಿಗ್ಗೆ ಏಳನೇ ಕೋಣೆಯ ಕೊಡ ಬೋರಲು ಬಿದ್ದಿತ್ತು.
ರಿಜಿಸ್ಟರು ತೆಗೆದೆ.
ಕ್ಲೋರಿನ್: ಸರಿ ಇದೆ.
ಟ್ಯಾಂಕರು: ಎರಡು ಬಂದಿವೆ, ಇನ್ನೊಂದು ಬೇಕು.
ಷರಾ ಎಂಬಲ್ಲಿ ಸುಮಾರು ಹೊತ್ತು ಪೆನ್ನು ಹಿಡಿದು ಕೂತು
ಬರೆದೆ: ಚಿಲಕ ಬಿಗಿ ಇದೆ,
ಎಣ್ಣೆ ಹಾಕಬೇಕು.